ಮಗ್ಗದ ಮನೆಗೆ ಬಂದ ಲಿನಕ್ಸ್

ನಮ್ಮ ಅಡುಗೆಮನೆಗೂ ಮಗ್ಗದ ಕೋಣೆಗೂ ನಡುವಿನ ಕಟ್ಟೆಯ ಮೇಲೆ, ಉಪ್ಪಿನ ಭರಣಿಯ ಪಕ್ಕದಲ್ಲಿ, ಒಂದು ಕಪ್ಪು ಲ್ಯಾಪ್‌ಟಾಪ್ ಕುಳಿತಿರುತ್ತದೆ. ಯಾವುದೋ ದೊಡ್ಡ ಕಚೇರಿಯಲ್ಲಿ ವರ್ಷಗಟ್ಟಲೆ ದುಡಿದು, ಅಲ್ಲಿ ಬೇಡವಾಗಿ, ಜಮಖಂಡಿಯ ಹಳೇ ಸಾಮಾನಿನ ಅಂಗಡಿ ಸೇರಿ, ಅಲ್ಲಿಂದ ಬನಹಟ್ಟಿಯ ನಮ್ಮ ಮನೆಗೆ ಬಂದದ್ದು ಅದು. ಕೀಲಿಗಳ ಮೇಲಿನ ಅಕ್ಷರಗಳು ಅಲ್ಲಲ್ಲಿ ಸವೆದಿವೆ, ಮೈಯೋ ಇಟ್ಟಿಗೆಯಷ್ಟು ಭಾರ. ನನಗೆ ಅದು ಬೇಕಾದದ್ದು ಸೀರೆಯ ಅಂಚು ಬಿಡಿಸಲಿಕ್ಕೆ. ತೆರೆಯ ಮೇಲೆ ಚೌಕಳಿ ಹಾಕಿ, ಒಂದೊಂದು ಮನೆಗೆ ಬಣ್ಣ ತುಂಬಿ ಕೊಟ್ಟರೆ, ರಬಕವಿಯಲ್ಲಿ ಅದನ್ನು ನೋಡಿ, ಯಾವ ಎಳೆ ಏಳಬೇಕೆಂದು ಮಗ್ಗಕ್ಕೆ ಹೇಳುವ ತೂತಿನ ಕಾರ್ಡು ಹೊಡೆದುಕೊಡುತ್ತಾರೆ. ಇದು ಬರುವ ಮೊದಲು ಅವರಿವರ ಕಂಪ್ಯೂಟರಿನಲ್ಲಿ ಊರವರ ಮಗ್ಗಗಳಿಗೆ ಹೀಗೆ ಅಂಚು ಬಿಡಿಸಿಕೊಟ್ಟವಳು ನಾನು. ನಮ್ಮದೇ ಮನೆಯ ಎರಡು ಕರೆಂಟಿನ ಮಗ್ಗಗಳಲ್ಲಿ ಮಾತ್ರ ನನ್ನ ಅಂಚು ಒಂದೂ ಏರಿರಲಿಲ್ಲ.

ಏರಬೇಕಾದ ಹೊತ್ತಿಗೆ ಈ ಲ್ಯಾಪ್‌ಟಾಪು ಹಟ ಹಿಡಿಯಿತು. ನಾಲ್ಕು ಚೌಕ ತುಂಬುವಷ್ಟರಲ್ಲಿ ತೆರೆ ಮರಗಟ್ಟಿ ನಿಲ್ಲುತ್ತಿತ್ತು. ಜಮಖಂಡಿಗೆ ಹೊತ್ತೊಯ್ದರೆ ಅಂಗಡಿಯಲ್ಲಿ ಹರಿಣದಂತೆ ಓಡುತ್ತಿತ್ತು. ಹಬ್ಬಕ್ಕೆಂದು ತವರೂರು ರನ್ನ ಬೆಳಗಲಿಗೆ ಒಯ್ದಾಗಲೂ ಒಮ್ಮೆಯೂ ತಡವರಿಸಲಿಲ್ಲ. ಮರಳಿ ಮನೆಗೆ ಬಂದದ್ದೇ ತಡ, ಮತ್ತೆ ಅದೇ ಹಾಡು. ಅತ್ತೆಗೆ ಇದು ಬಲು ಮೋಜಿನ ಸಂಗತಿಯಾಯಿತು. "ನಿನ್ನಂಗ ಐತಿ ನೋಡವಾ ಅದು. ತವರಮನ್ಯಾಗ ನಗತೈತಿ, ಇಲ್ಲಿ ಬಂದ್ರ ಮಾರಿ ಗಂಟ್ ಹಾಕತೈತಿ" ಎಂದರು. ನನಗೆ ಮೂಗಿನ ತುದಿಯಲ್ಲೇ ಸಿಟ್ಟು. ಆದರೂ ಆ ಮಾತಿಗೆ ನಾನೇ ನಕ್ಕುಬಿಟ್ಟೆ.

ನಮ್ಮ ಮನೆಯವರು ನಗಲಿಲ್ಲ. ಮೊದಲ ಮಗ್ಗಕ್ಕೆ ಹೂಡಿದ ಹಾಸು, ಅಂದರೆ ಉದ್ದನೆಯ ಎಳೆಗಳ ಸುರುಳಿ, ಮುಗಿಯುತ್ತ ಬಂದಿತ್ತು. ಹೊಸ ಹಾಸು ಕಟ್ಟುವಾಗಲೇ ಅಂಚು ಬದಲಿಸಬೇಕು. "ಈ ಹಾಸ ಮುಗಿಯೂದ್ರಾಗ ನಿನ್ನ ಅಂಚ ಬಂತಂದ್ರ ಅದನ್ನ ನೇಯತೇನಿ. ಬರಲಿಲ್ಲಂದ್ರ ಹಳೇದ ನಡೀಲಿ. ಆ ಡಬ್ಬಿ ಮಾರಿ ನೀನೂ ಅವ್ವನ ಜೋಡಿ ಕಂಡಿಕಿ ಸುತ್ತಾಕ ಕುಂದ್ರು" ಎಂದರು. ಲಾಳಿಗೆ ನೂಲು ಸುತ್ತಿಡುವ ಕಂಡಿಕೆ ಕೆಲಸ ಕೀಳೇನಲ್ಲ. ಅತ್ತೆ ಅದರಲ್ಲೇ ಆಯುಷ್ಯ ಸವೆಸಿದವರು. ಆದರೆ ನನ್ನ ಕಣ್ಣೊಳಗೆ ಕುಣಿಯುತ್ತಿದ್ದ ಅಂಚುಗಳನ್ನು ನಾನು ಎಲ್ಲಿ ಸುತ್ತಿಡಲಿ, ನೀವೇ ಹೇಳಿ.

ಅಂಗಡಿಯ ಇರ್ಫಾನಣ್ಣ ಕೊನೆಯ ಮದ್ದು ಹೇಳಿದ. "ಅಕ್ಕಾರ, ವಿಂಡೋಸ್ ಇದಕ್ಕ ಭಾರ ಆಗೇತ್ರಿ. ಅದನ್ನ ತಗದು ಲಿನಕ್ಸ್ ಹಾಕ್ಕೋರಿ. ಆದ್ರ ಇದರಾಗಿನ ಹಾರ್ಡ್‌ವೇರ್ ಎಲ್ಲಾ ಅದಕ್ಕ ಹೊಂದತೈತಂತ ನಾ ಹೇಳಂಗಿಲ್ರಿ." ಅವನು ಪೆನ್‌ಡ್ರೈವಿನಲ್ಲಿ ಹಾಕಿಕೊಟ್ಟದ್ದನ್ನು ಮನೆಯಲ್ಲಿ ನಾನೇ ಇಳಿಸಿದೆ. ತೆರೆ ಬಂತು, ಸದ್ದು ಬಂತು, ವೈಫೈ ಬರಲಿಲ್ಲ. ವೈಫೈ ಬರಲು ಡ್ರೈವರ್ ಎಂಬ ತಂತ್ರಾಂಶ ಬೇಕು, ಡ್ರೈವರ್ ಇಳಿಸಿಕೊಳ್ಳಲು ವೈಫೈ ಬೇಕು; ಮದುವೆಯಾಗದೆ ಹುಚ್ಚು ಬಿಡದು, ಹುಚ್ಚು ಬಿಡದೆ ಮದುವೆಯಾಗದು ಎಂದ ಹಾಗೆ. ಕಡೆಗೆ ಮೊಬೈಲನ್ನು ಕೇಬಲ್ಲಿನಿಂದ ಜೋಡಿಸಿ ಅದರ ನೆಟ್ ಕೊಟ್ಟೆ, ಡ್ರೈವರ್ ಇಳಿಯಿತು, ವೈಫೈ ಕಣ್ಣು ತೆರೆಯಿತು. ಆಮೇಲೆ ಅಂಚು ಬಿಡಿಸಲು ಕೂತರೆ, ಆಹಾ, ಅದೇ ಮನೆ, ಅದೇ ಕಟ್ಟೆ, ತೆರೆ ಒಮ್ಮೆಯೂ ನಿಲ್ಲಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಅರ್ಧ ಅಂಚು ಮೂಡಿತ್ತು.

ಅಲ್ಲಿಗೆ ಸುಮ್ಮನಿದ್ದರೆ ನಾನು ನಾನಾಗುತ್ತಿರಲಿಲ್ಲ. ಕನ್ಯೆ ನೋಡಲು ಬಂದವರು ಗುಣಗಳನ್ನೆಲ್ಲ ಕೂಡಿಸಿ ನೋಡುವಂತೆ, ಈ ಯಂತ್ರದ ಯಾವ ಭಾಗ ಲಿನಕ್ಸಿಗೆ ಹೊಂದಿದೆ, ಯಾವುದು ಹೊಂದಿಲ್ಲ ಎಂದು ಹುಡುಕುವ ಚಟ ಹತ್ತಿತು. ಕಚೇರಿಗಳಿಗಾಗಿ ಮಾಡಿದ ಇಂಥ ಹಳೆಯ ಲ್ಯಾಪ್‌ಟಾಪುಗಳಲ್ಲಿ ಸೆನ್ಸರ್ ಎಂಬ ಒಬ್ಬ ಕಾವಲುಗಾರನಿರುತ್ತಾನೆ. ಮೈ ಅಲುಗಿದರೆ ಸಾಕು, ಬೀಳುತ್ತಿದ್ದೇನೆಂದು ಬಗೆದು, ಒಳಗೆ ತಿರುಗುವ ಡಿಸ್ಕನ್ನು ಓದುವ ಮುಳ್ಳನ್ನು ಪಕ್ಕಕ್ಕೆ ಸರಿಸಿ ಡಿಸ್ಕಿಗೆ ಗೀರು ಬೀಳದಂತೆ ಕಾಯುತ್ತಾನೆ. ಲಿನಕ್ಸು ಅವನನ್ನು ತಾನಾಗಿ ಕರೆಯುವುದಿಲ್ಲ, ನಾವೇ ಕರೆಯಬೇಕು. ಎಲ್ಲವೂ ಹೊಂದಲಿ ಎಂಬ ಉಮೇದಿನಲ್ಲಿ ಅವನನ್ನೂ ಎಬ್ಬಿಸಿ ಕೂರಿಸಿದೆ. ಮರುಗಳಿಗೆಯಲ್ಲೇ ತೆರೆ ಮರಗಟ್ಟಿತು; ಅವನನ್ನು ಮತ್ತೆ ಮಲಗಿಸೋಣವೆಂದರೆ ಒಂದು ಕೀಲಿಯೂ ಓಗೊಡದು. ಮನೆಯವರು ಬಗ್ಗಿ ನೋಡಿ, ಉಳಿದ ಹಾಸನ್ನು ಬೆರಳಿನಿಂದ ಅಳೆದು ಹೋದರು. ಬೈದಿದ್ದರೆ ಚೆನ್ನಿತ್ತು.

ಮರುದಿನ ಮುಂಜಾನೆಯೆಲ್ಲ ಅದನ್ನೇ ದಿಟ್ಟಿಸುತ್ತ ಕೂತಿದ್ದೆ. ಹಾಸಿನ ಸುರುಳಿ ತೀರ ತೆಳ್ಳಗಾಗಿತ್ತು. ಅಷ್ಟರಲ್ಲಿ ಕರೆಂಟು ಹೋಯಿತು, ಮಗ್ಗಗಳು ನಿಂತವು, ಬ್ಯಾಟರಿಯ ಮೇಲಿದ್ದ ಲ್ಯಾಪ್‌ಟಾಪು ನಿದ್ದೆಯಿಂದ ಎದ್ದಂತೆ ಓಡತೊಡಗಿತು. ಕರೆಂಟು ಬಂತು, ಮಗ್ಗ ಹೊರಳಿತು, ತೆರೆ ನಿಂತಿತು. ಪಕ್ಕದಲ್ಲಿದ್ದ ತಂಬಿಗೆಯ ನೀರಿನ ಕಡೆ ಕಣ್ಣು ಹೋಯಿತು. ನೀರು ನಡುಗುತ್ತಿತ್ತು, ಕಟ್ಟೆ ನಡುಗುತ್ತಿತ್ತು, ಅಂಗೈಯಿಟ್ಟರೆ ಗೋಡೆಯೂ ನಡುಗುತ್ತಿತ್ತು. ಕಾವಲುಗಾರ ಪಾಪ, ದಿನವಿಡೀ ಬೀಳುತ್ತಿದ್ದೇನೆಂದು ಹೆದರಿ ಮುಳ್ಳನ್ನು ಸರಿಸಿ ಕೂರುತ್ತಿದ್ದ; ಮುಳ್ಳು ಡಿಸ್ಕನ್ನು ಓದದಿದ್ದರೆ ತೆರೆ ನಿಲ್ಲದೆ ಇನ್ನೇನು? ವಿಂಡೋಸಿನಲ್ಲಿ ಅವನು ಮೊದಲಿನಿಂದಲೇ ಎದ್ದು ಕೂತಿದ್ದನಲ್ಲ, ಅಲ್ಲಿಯೂ ಇದೇ ಕಥೆ. ಬೆಳಗಲಿಯ ತವರುಮನೆಯಲ್ಲಿ ಮಗ್ಗವಿಲ್ಲ, ಜಮಖಂಡಿಯ ಅಂಗಡಿಯಲ್ಲಿಯೂ ಇಲ್ಲ.

ಇಷ್ಟು ದಿನ ನಮಗೇಕೆ ಹೊಳೆಯಲಿಲ್ಲ ಎಂದು ಕೇಳುತ್ತೀರಿ. ನೇಕಾರರ ಮನೆಯಲ್ಲಿ ಮಗ್ಗ ನಡೆಯುವುದು ಯಾರಿಗೂ ಕೇಳಿಸುವುದಿಲ್ಲ, ನಿಂತರಷ್ಟೇ ಕೇಳಿಸುತ್ತದೆ. ತೊಟ್ಟಿಲ ಕೂಸು ಕೂಡ ಮಗ್ಗ ನಿಂತಾಗಲೇ ಎಚ್ಚರಾಗಿ ಅಳುತ್ತದೆ. ನಡುಕದಲ್ಲೇ ಉಂಡು ಮಲಗುವ ನಮಗೆ ನೆಲ ನಡುಗುತ್ತದೆಂದು ಹೇಳುವವರು ಯಾರು?

ಮುಳ್ಳಿನ ಕೆಳಗೆ ತಿರುಗುವ ಡಿಸ್ಕಿಗೆ ಈ ನಡುಕ ಒಳ್ಳೆಯದಲ್ಲವೆಂಬುದೂ ತಿಳಿಯಿತು. ಅಂದೇ ಜಮಖಂಡಿಯ ಬಸ್ಸು ಹಿಡಿದೆ. ಇರ್ಫಾನಣ್ಣ ಒಳಗೆ ಏನೂ ತಿರುಗದ ಹೊಸ ಬಗೆಯ ಡಿಸ್ಕು ಕೂರಿಸಿ, ಅದರ ಮೇಲೆ ಲಿನಕ್ಸು ಹಾಕಿ, ನನ್ನ ಅರ್ಧ ಅಂಚನ್ನು ಅದಕ್ಕೆ ಇಳಿಸಿಕೊಟ್ಟ. ಕಾವಲುಗಾರನನ್ನು ನಾನು ಮತ್ತೆ ಕರೆಯಲಿಲ್ಲ. ಬೆರಳಚ್ಚು ಗುರುತಿಸುವ ಪಟ್ಟಿಯೂ ಇಂದಿಗೂ ಲಿನಕ್ಸಿಗೆ ಒಗ್ಗಿಲ್ಲ, ಅದನ್ನೂ ಅದರ ಪಾಡಿಗೆ ಬಿಟ್ಟಿದ್ದೇನೆ. ಹೊಂದಾಣಿಕೆಯೆಂದರೆ ಎಲ್ಲ ಗುಣವೂ ಕೂಡುವುದೆಂದು ತಿಳಿದವಳು ನಾನು. ಈಗ ಹಾಗೆನ್ನಿಸುವುದಿಲ್ಲ. ಇದ್ದ ಮನೆಯ ನಡುಕಕ್ಕೆ ಹೆದರದೆ ಕೆಲಸ ಸಾಗಿದರೆ ಅದೇ ಹೊಂದಾಣಿಕೆ. ನಾವು ಗಂಡ ಹೆಂಡತಿ ಬಾಳುತ್ತಿರುವುದೂ ಹಾಗೆಯೇ.

ಎರಡೂ ಮಗ್ಗ ಭರದಿಂದ ಬಡಿಯುತ್ತಿರುವಾಗಲೇ ಅಂಚು ಮುಗಿಸಿದೆ. ರಬಕವಿಯಿಂದ ಕಾರ್ಡು ಬಂದವು, ಹೊಸ ಹಾಸು ಕಟ್ಟಿದರು. ಗೇಣುದ್ದ ನೇಯ್ದವರೇ ಮನೆಯವರು ತಾವಾಗಿ ಮಗ್ಗ ನಿಲ್ಲಿಸಿ, "ಅವ್ವಾ, ಇಲ್ಲಿ ಬಾ" ಎಂದು ಕೂಗಿದರು. ಅತ್ತೆ ಬಂದು ಅಂಚಿನ ಮೇಲೆ ಹೆಬ್ಬೆರಳು ಒತ್ತಿ ಒತ್ತಿ ಎಳೆದರು.

"ಛಲೋ ಬಂದೈತಿ" ಎಂದರು. ನಾನು ಕಂಡಿಕೆಯ ಬುಟ್ಟಿಯತ್ತ ಕೈ ಚಾಚಿದೆ. ಅವರು ಬುಟ್ಟಿಯನ್ನು ತಮ್ಮ ಕಡೆ ಎಳೆದುಕೊಂಡರು.

"ಕಂಡಿಕಿ ನಾ ಸುತ್ತತೇನಿ. ನೀ ಹೋಗು, ಎರಡನೇ ಮಗ್ಗದ್ದ ಬಿಡಸು."