ಶೋಕೇಸಿನ ಹಿಂದಿನ ವಾಲ್ವು

ಆ ಬೀದಿಯಲ್ಲಿ ಅವರನ್ನು ಯಾರೂ ಹೆಸರು ಹಿಡಿದು ಕರೆಯುತ್ತಿರಲಿಲ್ಲ. ನಂಗೊತ್ತು ಸಾಹೇಬರು, ಅಷ್ಟೇ. ಬಸ್ಸು ಯಾಕೆ ತಡ ಅಂದರೂ ನಂಗೊತ್ತು, ಪಕ್ಕದ ಮನೆಯವರ ಮಂಡಿನೋವಿಗೆ ಏನು ಮದ್ದು ಅಂದರೂ ನಂಗೊತ್ತು. ಮೂವತ್ತು ವರ್ಷ ಕಚೇರಿಯಲ್ಲಿ ಫೈಲು ತಳ್ಳಿ ನಿವೃತ್ತರಾದ ಪುಣ್ಯಾತ್ಮ. ಎಲ್ಲದಕ್ಕೂ ಮೂಗು ತೂರಿಸಲು ಈಗ ಬೇಕಾದಷ್ಟು ಬಿಡುವು. ಇವರನ್ನು ಕಟ್ಟಿಕೊಂಡು ಏಗುತ್ತಿದ್ದವಳು ಟೈಲರಮ್ಮ. ಮನೆಯ ಮುಂದಿನ ಕೋಣೆಯಲ್ಲೇ ಅವಳ ಹೊಲಿಗೆ ಮಿಷನ್ನು.

ಆ ಕೋಣೆಯ ಗೋಡೆಗೆ ಮೊದಲು ಅವಳದೊಂದು ಕಬ್ಬಿಣದ ರ‍್ಯಾಕು ಇತ್ತು, ಹೊಲಿದ ಬಟ್ಟೆ ಜೋಡಿಸಲು. ಅದರ ಪಕ್ಕದಲ್ಲೇ, ಮೊಣಕಾಲೆತ್ತರಕ್ಕೆ, ಇಡೀ ಮನೆಯ ನೀರು ನಿಲ್ಲಿಸುವ ವಾಲ್ವು. ಸಾಹೇಬರಿಗೆ ಎರಡೂ ಕಂಡರಾಗದು. ರ‍್ಯಾಕು ಗುಜರಿಗೆ ಹೋಯಿತು. ಅಲ್ಲಿ ತೇಗದ ಶೋಕೇಸು ಬಂತು, ಗೋಡೆಗೆ ಬಿಗಿಯಾಗಿ ಸ್ಕ್ರೂ ಹಾಕಿಸಿ. ಒಳಗೆ ಬೀಳ್ಕೊಡುಗೆಯ ಫಲಕ, ಹಾರ ಹಾಕಿಸಿಕೊಂಡ ಫೋಟೋ, ಯಾವುದೋ ಕಾಲದ ಹಗ್ಗಜಗ್ಗಾಟದ ಕಪ್ಪು. ಅದೂ ಎರಡನೇ ಬಹುಮಾನ!

"ರೀ, ವಾಲ್ವು ಮುಚ್ಚಿಹೋಗುತ್ತಲ್ರೀ" ಅಂದಿದ್ದಳು.

"ನಂಗೊತ್ತು ಕಣೇ" ಅಂದಿದ್ದರು. ಅವತ್ತಿನಿಂದ ಅವಳ ಬಟ್ಟೆಗೆ ನೆಲವೇ ಗತಿ.

ಈಗ ನೆಲದ ಮೇಲಿದ್ದದ್ದು ಶಾಲೆಯೊಂದರ ನಲವತ್ತು ಜೊತೆ ಸಮವಸ್ತ್ರ. ಹನ್ನೆರಡು ವರ್ಷ ಹರಿದ ಜಿಪ್ಪು, ಸಡಿಲಾದ ಸೊಂಟ ಸರಿಮಾಡುತ್ತಲೇ ಕಣ್ಣು ಸವೆಸಿದವಳಿಗೆ ಮೊದಲ ಸಲ ಸಿಕ್ಕ ದೊಡ್ಡ ಕೆಲಸ. ನಾಳೆ ಬೆಳಿಗ್ಗೆ ಒಪ್ಪಿಸಿದರೆ ಇನ್ನು ಪ್ರತಿವರ್ಷ ಅವಳಿಗೇ, ತಪ್ಪಿದರೆ ಬೇರೆಯವರಿಗೆ. ಹಾಗಂತ ಶಾಲೆಯವರು ಖಡಾಖಂಡಿತವಾಗಿ ಹೇಳಿದ್ದರು.

ಬೆಳಿಗ್ಗೆ ಹತ್ತು ಗಂಟೆಗೆ ಬಚ್ಚಲ ನಲ್ಲಿ ತೊಟ್ಟಿಕ್ಕುವುದು ಸಾಹೇಬರ ಕಣ್ಣಿಗೆ ಬಿತ್ತು.

"ಪ್ಲಂಬರಿಗೆ ಫೋನ್ ಮಾಡಿ" ಅಂದಳು ಟೈಲರಮ್ಮ.

"ಇಷ್ಟಕ್ಕೆಲ್ಲ ಪ್ಲಂಬರಾ? ನಂಗೊತ್ತು ಬಿಡೆ."

ಸ್ಪ್ಯಾನರು ಹಿಡಿದು, ಹಲ್ಲು ಕಚ್ಚಿ ತಿರುಗಿಸಿದರು. ನಲ್ಲಿ ಬುಡಸಮೇತ ಮುರಿದು ಕೈಗೆ ಬಂತು! ನೀರು ನುಗ್ಗಿ ಎದುರು ಗೋಡೆಗೆ ಬಡಿಯಿತು. ಬಚ್ಚಲು ತುಂಬಿ, ಹೊಸಿಲು ದಾಟಿ, ಹೊಲಿಗೆ ಕೋಣೆಯತ್ತ ಹೊರಟಿತು. ಟೈಲರಮ್ಮ ಬಟ್ಟೆಯನ್ನು ತೆಕ್ಕೆಗಟ್ಟಲೆ ಬಾಚಿ ಮಿಷನ್ನಿನ ಮೇಲೆ, ಕುರ್ಚಿಯ ಮೇಲೆ ಹೇರಿದಳು. ಅರ್ಧಕ್ಕರ್ಧ ಇನ್ನೂ ನೆಲದಲ್ಲೇ ಇತ್ತು.

ಸಾಹೇಬರು ಕೊನೆಗೂ ಫೋನು ಹಚ್ಚಿದರು. "ಮೊದಲು ವಾಲ್ವ್ ಬಂದ್ ಮಾಡಿ ಸಾರ್. ಎಲ್ಲಿದೆ ಗೊತ್ತಲ್ಲ?" ಅಂದ ಪ್ಲಂಬರು. ಜೀವಮಾನದಲ್ಲಿ ನಿಜವಾಗಿ ಗೊತ್ತಿದ್ದ ಒಂದೇ ಒಂದು ಸಂಗತಿ, ಆಗಲೇ ಈ ಮಹಾನುಭಾವರ ಬಾಯಿ ಕಟ್ಟಿಹೋಯಿತು.

ಅವಳು ಸುತ್ತಿಗೆ ತಂದಳು. ಅವರು ಶೋಕೇಸಿಗೆ ಅಡ್ಡ ನಿಂತರು.

"ಮುಟ್ಟಬೇಡ! ಟ್ಯಾಂಕು ಖಾಲಿಯಾದ್ರೆ ನೀರು ತಾನಾಗೇ ನಿಲ್ಲುತ್ತೆ."

"ನನ್ನ ಬಟ್ಟೆ?"

"ಒಣಗಿಸಿದ್ರಾಯ್ತು. ತೇಗ ಕಣೇ ಇದು, ಮತ್ತೆ ಸಿಗುತ್ತಾ?"

ಅವಳಿಗೆ ಮೈಯೆಲ್ಲ ಉರಿದುಹೋಯಿತು. ಹನ್ನೆರಡು ವರ್ಷದ ದುಡಿಮೆ ಕಾಲಡಿ ನೆನೆಯುತ್ತಿದ್ದರೆ ಇವರಿಗೆ ಹಲಗೆಯ ಚಿಂತೆ. "ಸರೀರಿ ಆಚೆ!" ಅಂದಳು. ಆ ದನಿಯನ್ನು ಅವರು ಯಾವತ್ತೂ ಕೇಳಿರಲಿಲ್ಲ, ಸರಿದರು. ಶೋಕೇಸಿನ ಬಾಗಿಲು ತೆಗೆದು ಕಪ್ಪು, ಫೋಟೋ, ಫಲಕ ಎಲ್ಲ ಒಂದೇ ಕೈಲಿ ಬಳಿದು ಕೆಳಗೆ ಹಾಕಿದಳು. ಮೂರನೇ ಏಟಿಗೆ ಹಿಂದಿನ ಹಲಗೆ ಸೀಳಿತು. ಸೀಳಿನಲ್ಲಿ ಕೈ ತೂರಿಸಿ, ತರಚಿದ್ದನ್ನೂ ಲೆಕ್ಕಿಸದೆ, ಬಿಗಿದುಕೊಂಡಿದ್ದ ವಾಲ್ವನ್ನು ತಿರುಗಿಸಿದಳು. ನೀರು ನಿಂತಿತು.

ಆರು ಜೊತೆ ಒದ್ದೆಯಾಗಿತ್ತು, ಅಷ್ಟೇ. ಸಂಜೆಯೊಳಗೆ ಒಗೆದು, ಒಣಗಿಸಿ, ಇಸ್ತ್ರಿ ಹಾಕಬಹುದು.

ಮಧ್ಯಾಹ್ನ ಪ್ಲಂಬರು ಬಂದ. ಸಾಹೇಬರು ಆಗಲೇ ಎದೆಯುಬ್ಬಿಸಿ ನಿಂತಿದ್ದರು. "ಹಲಗೆ ಒಡೀದೆ ಬೇರೆ ದಾರಿ ಇರ್ಲಿಲ್ಲಪ್ಪ. ನಂಗೊತ್ತಿತ್ತು." ಥೂ, ನಾಚಿಕೆ ಅನ್ನುವುದು ಹತ್ತಿರವಾದರೂ ಸುಳಿಯಬಾರದೇ!

ಟೈಲರಮ್ಮ ಶೋಕೇಸನ್ನು ಒರೆಸಿ, ಮಡಚಿದ ಸಮವಸ್ತ್ರಗಳನ್ನು ಅದರೊಳಗೆ ಸಾಲಾಗಿ ಜೋಡಿಸತೊಡಗಿದಳು. ವಾಲ್ವಿನ ಎದುರಿನ ಖಾನೆಯನ್ನಷ್ಟೇ ಖಾಲಿ ಬಿಟ್ಟಳು.

"ಹಾಗಾದ್ರೆ ನನ್ನ ಕಪ್ಪು, ಫಲಕ ಎಲ್ಲಿಡೋದು?" ಅಂದರು ಸಾಹೇಬರು.

"ನೆಲದ ಮೇಲಿಡಿ" ಅಂದಳು. "ಒದ್ದೆಯಾದ್ರೆ ಒಣಗಿಸಿದ್ರಾಯ್ತು."