ಹುಣಸೆ ಬೀಜದ ಪೋಕರ್

ಕಳೆದ ತಿಂಗಳು ಶಿರಸಿ ಪೇಟೆಯಲ್ಲಿ ಅಂಗಡಿಯವನು ಪೌಡರ್ ಡಬ್ಬಿಯೊಂದರ ಮುಚ್ಚಳ ತಿರುಗಿಸಿ ನನ್ನ ಮುಂದೆ ಹಿಡಿದ. ಗುಲಾಬಿ ವಾಸನೆಯ ಅಗ್ಗದ ಪೌಡರು. ಮೂಗಿಗೆ ಬಡಿದದ್ದೇ ನನಗೆ ಇಸ್ಪೀಟು ಎಲೆಗಳು ನೆನಪಾದವು... ಯಲ್ಲಾಪುರದಲ್ಲಿ ಪಕ್ಕದ ಮನೆಯ ಕಾಕಾ, ತೇವಕ್ಕೆ ಅಂಟಿಕೊಂಡ ಎಲೆಗಳಿಗೆ ಇಂಥದೇ ಪೌಡರ್ ಉದುರಿಸಿ, ಒಂದೊಂದನ್ನೂ ಬಟ್ಟೆಯಿಂದ ಒರೆಸಿ, ಆಮೇಲೆ ಹಂಚುತ್ತಿದ್ದರು.

ಯಲ್ಲಾಪುರದ ಶಾಲೆ ನನ್ನ ಮೊದಲ ನೌಕರಿ. ನಾನು ಬನವಾಸಿ ಕಡೆಯವಳು, ಅಲ್ಲಿ ಯಾರ ಪರಿಚಯವೂ ಇರಲಿಲ್ಲ. ಕಾಕಾ ಮೂವತ್ತು ವರ್ಷ ಸರಕಿನ ಹಡಗುಗಳಲ್ಲಿ ಅಡುಗೆ ಮಾಡಿ, ನಿವೃತ್ತರಾಗಿ ಹೆಂಡತಿಯ ತವರೂರಿಗೆ ಬಂದು ನೆಲೆಸಿದ್ದರು. ಪೋಕರ್ ಕಲಿತದ್ದು ಹಡಗಿನಲ್ಲಿ. ಊರಲ್ಲಿ ಆ ಆಟ ಬಲ್ಲವರಿಲ್ಲದೆ ಹೆಂಡತಿಗೇ, ಅಂದರೆ ಕಾಕುಗೇ, ಕಲಿಸಿದ್ದರು. ಇಬ್ಬರೇ ಆಡಿ ಬೇಜಾರಾದಾಗ ಒಂದು ಭಾನುವಾರ ಬೇಲಿಯಾಚೆಯಿಂದ ನನ್ನನ್ನು ಕರೆದರು.

"ಅಕ್ಕೋರೇ, ಬನ್ನಿ. ಮೂರನೇ ಕೈ ಬೇಕಾಗಿತ್ತು."

ನಮ್ಮ ಜಿಲ್ಲೆಯಲ್ಲಿ ಶಿಕ್ಷಕಿಯರೆಂದರೆ ಅಕ್ಕೋರು. ಅಕ್ಕೋರು ಇಸ್ಪೀಟು ಆಡುವುದೆಂದರೇನು? ಫೋನಿನಲ್ಲಿ ಹೇಳಿದಾಗ ಅವ್ವ ಗಾಬರಿಯಾದಳು. "ಆಡಿದ್ರ ಆಡು, ಹೊರಗ ಯಾರ ಮುಂದೂ ಹೇಳಬ್ಯಾಡ ನಮ್ಮವ್ವ."

ಪಣಕ್ಕೆ ಹುಣಸೆ ಬೀಜ. ತಲೆಗೆ ಐದು ಎಲೆ, ಬೇಡವಾದದ್ದನ್ನು ಒಮ್ಮೆ ಬದಲಿಸಬಹುದು. ಒಂದು ಜೋಡಿಗಿಂತ ಎರಡು ಜೋಡಿ ದೊಡ್ಡದು, ಅದಕ್ಕಿಂತ ಒಂದೇ ಥರದ ಮೂರು ಎಲೆ ದೊಡ್ಡದು. ಇಷ್ಟನ್ನು ನಾನು ಬೇಗ ಕಲಿತೆ. ಕಷ್ಟವಾದದ್ದು ಮುಂದಿನದು. ಕೈಯಲ್ಲಿ ಏನೂ ಇಲ್ಲದಿದ್ದರೂ ಇದೆಯೆಂಬಂತೆ ಬೀಜ ಒಡ್ಡಿ ಎದುರಿನವರನ್ನು ಹೆದರಿಸಬೇಕು. ಅವರು ಹೆದರಿ ಎಲೆ ಮಗುಚಿಟ್ಟರೆ ಗೆಲುವು ನಮ್ಮದು. ನಾನೋ, ಒಳ್ಳೆಯ ಎಲೆ ಬಂದರೂ ಮಗುಚಿಡುತ್ತಿದ್ದೆ.

"ಎಂತ ಅಕ್ಕೋರೇ, ಮತ್ತೆ ಬಿಟ್ರಾ? ನಿಮ್ಮ ಎಲೆಗಿಂತ ನಮ್ದೇ ದೊಡ್ಡದು ಅಂತ ನಿಮ್ಗೆ ಹೇಳ್ದವ್ರು ಯಾರು?" ಎನ್ನುತ್ತಿದ್ದರು ಕಾಕಾ.

ಇಲ್ಲಿ ನನ್ನ ಕಾಲಿನ ವಿಷಯ ಹೇಳಬೇಕು. ಮೂರು ವರ್ಷದವಳಿದ್ದಾಗ ಬಂದ ಜ್ವರಕ್ಕೆ ಎಡಗಾಲು ಸಣಕಲಾಯಿತು. ಕುಂಟಾಬಿಲ್ಲೆಯಿಂದ ಖೋಖೋವರೆಗೆ ಎಲ್ಲದರಲ್ಲೂ ನಾನು ಆಟಕ್ಕುಂಟು ಲೆಕ್ಕಕ್ಕಿಲ್ಲ. ಗೆಳತಿಯರು ಬೇಕೆಂದೇ ನಿಧಾನ ಓಡಿ ಸಿಕ್ಕಿಬೀಳುತ್ತಿದ್ದರು. ಪೋಕರಿನಲ್ಲಿ ಕಾಲಿಗೆ ಕೆಲಸವಿರಲಿಲ್ಲ. ಅದಕ್ಕೇ ಆ ಭಾನುವಾರದ ಮಧ್ಯಾಹ್ನಗಳು ನನಗೆ ಅಷ್ಟು ದೊಡ್ಡವಾಗಿದ್ದವು.

ಒಂದು ದಿನ ಒಂದಕ್ಕೊಂದು ಸಂಬಂಧವಿಲ್ಲದ ಐದು ಎಲೆ ಬಂದವು. ಏನು ಹುಚ್ಚು ಹಿಡಿಯಿತೋ, ಇದ್ದ ಬೀಜಗಳನ್ನೆಲ್ಲ ನಡುವಿಗೆ ತಳ್ಳಿದೆ. ಕಾಕು ಆಗಲೇ ಬಿಟ್ಟಿದ್ದರು. ಕಾಕಾ ನನ್ನ ಮುಖವನ್ನೇ ನೋಡಿದರು, ಆಮೇಲೆ ತಮ್ಮ ಎಲೆ ಮಗುಚಿಟ್ಟರು. "ಹೋಯ್ತು. ಗೆದ್ರಿ." ನಾನು ಆ ರಾತ್ರಿ ಅವ್ವನಿಗೆ ಎರಡು ಸಲ ಫೋನ್ ಮಾಡಿದೆ.

ಮರುದಿನ ಕಾಕು ನಗುತ್ತಾ ಹೇಳಿದರು: "ಎಲೆ ಎತ್ತಿಡುವಾಗ ನೋಡ್ದೆ. ಅವ್ರ ಕೈಯಲ್ಲಿ ಮೂರು ರಾಜ ಇತ್ತು."

ಹೋಗಿ ಕೇಳಿದೆ. ಕಾಕಾ ಮುಚ್ಚಿಡಲಿಲ್ಲ. "ನೀವು ಸುಳ್ಳು ಹೊಡೀತಿದ್ದದ್ದು ಗೊತ್ತಾಯ್ತು. ಒಂದ್ಸಲ ಗೆಲ್ಲಲಿ ಅಂತ ಬಿಟ್ಟೆ."

"ನೀವೂ ಹಿಂಗ ಮಾಡಿದ್ರೇನ್ರಿ ಕಾಕಾ?" ಎಂದೆ. ಅವರಿಗೆ ಅರ್ಥವಾಗಿರಲಿಕ್ಕಿಲ್ಲ. ನಾನೂ ಗೆಳತಿಯರ ಓಟದ ಕಥೆ ಬಿಡಿಸಿ ಹೇಳಲಿಲ್ಲ. ಮುಂದಿನ ಆರು ಭಾನುವಾರ ಶಾಲೆಯ ಕೆಲಸದ ನೆವ ಹೇಳಿ ಮನೆಯಲ್ಲೇ ಕೂತೆ.

ಏಳನೆಯ ವಾರ ಕಾಕಾಗೆ ಲಕ್ವ ಹೊಡೆಯಿತು. ಹುಬ್ಬಳ್ಳಿಯ ಆಸ್ಪತ್ರೆಯಿಂದ ಬರುವಾಗ ಬಲಗೈ ಜೋತುಬಿದ್ದಿತ್ತು, ಅರ್ಧ ಮುಖ ಅಲುಗುತ್ತಿರಲಿಲ್ಲ. ನೋಡಲು ಹೋದವಳಿಗೆ ಅವರು ಎಡಗೈಯಿಂದ ಇಸ್ಪೀಟು ಡಬ್ಬಿ ತೋರಿಸಿದರು. ಕಾಕು ಬಟ್ಟೆ ತಿಕ್ಕುವ ಬ್ರಶ್ ಅಂಗಾತ ಇಟ್ಟು, ಅದರ ಕೂದಲಿನ ನಡುವೆ ಅವರ ಎಲೆಗಳನ್ನು ಸಾಲಾಗಿ ಸಿಕ್ಕಿಸಿಕೊಟ್ಟರು.

"ಈಗ ನನ್ನ ಮುಖ ನೋಡಿ... ಹೇಳಿ ನೋಡುವಾ," ಎಂದರು ಕಾಕಾ ತೊದಲುತ್ತಾ.

ಮೂರನೆಯ ಸುತ್ತಿನಲ್ಲಿ ನನಗೆ ಒಂಬತ್ತರ ಜೋಡಿ ಬಂತು. ಕಾಕಾ ತಮ್ಮ ಬೀಜಗಳನ್ನೆಲ್ಲ ಎಡ ಅಂಗೈಯಿಂದ ಒಮ್ಮೆಲೇ ತಳ್ಳಿದರು. ಆ ಮುಖದಲ್ಲಿ ನಿಜವಾಗಿ ಏನೂ ತಿಳಿಯುತ್ತಿರಲಿಲ್ಲ. ಕಾಕು ನನಗೆ ಕಣ್ಸನ್ನೆ ಮಾಡಿದರು, ಬಿಟ್ಟುಬಿಡಿ ಎಂದು. ಬಿಡುವುದು ಸುಲಭವಾಗಿತ್ತು. ನನ್ನ ಒಂಬತ್ತುಗಳನ್ನು ಮತ್ತೊಮ್ಮೆ ನೋಡಿಕೊಂಡೆ. ಕೊನೆಗೆ ನನ್ನ ಬೀಜಗಳನ್ನೂ ತಳ್ಳಿ, "ತೋರಿಸ್ರಿ ಕಾಕಾ," ಎಂದೆ.

ಅವರ ಬಳಿ ಏನೂ ಇರಲಿಲ್ಲ.

"ಸೀಕಾದವ್ರ ಹತ್ರ ಹೀಂಗೆ ಮಾಡೂದಾ ಅಕ್ಕೋರೇ?" ಕಾಕು ಸಿಟ್ಟಾದರು. ಕಾಕಾ ಮಾತ್ರ ಅರ್ಧ ಬಾಯಲ್ಲಿ ನಗುತ್ತಿದ್ದರು, ಜೊಲ್ಲು ಇಳಿಯುವಷ್ಟು. "ಇದು... ಆಟ," ಎಂದು ಎಲೆಗಳನ್ನು ನನ್ನತ್ತ ಸರಿಸಿದರು, ಹಂಚಲು.

ಆಮೇಲೆ ಏಳೆಂಟು ತಿಂಗಳು ಆಡಿದೆವು. ಹೆಚ್ಚಾಗಿ ಅವರೇ ಗೆದ್ದರು. ಎರಡನೆಯ ಸಲ ಲಕ್ವ ಹೊಡೆದಾಗ ಉಳಿಯಲಿಲ್ಲ. ಕಾಕು ಕುಮಟೆಯ ಮಗಳ ಮನೆಗೆ ಹೋದರು, ನನಗೆ ಶಿರಸಿಗೆ ವರ್ಗವಾಯಿತು.

ಶಿರಸಿಯಲ್ಲಿ ಆ ಪೌಡರ್ ಕೊಂಡ ಮರುವಾರವೇ ಯಲ್ಲಾಪುರದ ಹತ್ತಿರದ ಚಂದಗುಳಿಯ ಗಣಪತಿ ಗುಡಿಯಲ್ಲಿ ಕಾಕು ಸಿಕ್ಕಿದರು. ಮಗಳೊಂದಿಗೆ ಹರಕೆಯ ಗಂಟೆ ಕಟ್ಟಲು ಬಂದಿದ್ದರು. ಮಾತು ಇಸ್ಪೀಟಿಗೆ ಬಂತು.

"ನೀವು ಬರ್ದೇ ಇದ್ದ ಭಾನುವಾರ ಎಲ್ಲಾ ಅವ್ರು ಮೂರೂ ಕೈ ಹಂಚ್ತಿದ್ರು. ನಿಮ್ಮ ಎಲೆ ಮುಟ್ಟೂಕೆ ನಂಗೆ ಬಿಡ್ತಿರ್ಲಿಲ್ಲ. ಅಕ್ಕೋರೇ ಬಂದು ನೋಡ್ಲಿ ಅಂತ ಹೇಳ್ತಿದ್ರು."

ಅವರು ಇದನ್ನು ನಗುತ್ತಲೇ ಹೇಳಿದರು. ನಾನು ಅವರ ಚೀಲ ಹಿಡಿದು ಕಾರಿನವರೆಗೆ ನಡೆದೆ. ತಪ್ಪಾಯಿತು ಎನ್ನುವುದು ಬಾಯಿಗೆ ಬಂದಿತ್ತು... ಆದರೆ ಅದನ್ನು ಕೇಳಿಸಿಕೊಳ್ಳಬೇಕಾಗಿದ್ದದ್ದು ಕಾಕಾ, ಕಾಕು ಅಲ್ಲ.