ಅಂಚಿನ ಗುಳಿಗಳು

ನಮ್ಮ ಪ್ರಯೋಗಾಲಯದ ಸಾಫ್ಟ್‌ವೇರಿನಲ್ಲಿ ‘ನಿರ್ಮಲಾ ಅಂಚು’ ಎಂಬ ಒಂದು ಬಟನ್ ಇತ್ತು. ನಾಲ್ಕು ವರ್ಷ ಅದು ನನ್ನ ಹೆಸರು ಹೊತ್ತುಕೊಂಡು ಪರದೆಯ ಮೂಲೆಯಲ್ಲಿ ಕೂತಿತ್ತು. ಅದು ನನ್ನದಲ್ಲ. ಆ ಬುದ್ಧಿ ಅಂಕೋಲೆಯ ಅಳಿವೆಯಲ್ಲಿ ಬೆಳಚು ಆರಿಸುವ ಗಿರಿಜಕ್ಕನದು, ನಾನು ಕದ್ದೆ. ಕದ್ದದ್ದಷ್ಟೇ ಆಗಿದ್ದರೆ ಹೇಗೋ — ಅದನ್ನು ಮುಚ್ಚಿಡಲು ಮಾಡಿದ್ದು ಅದಕ್ಕಿಂತ ದೊಡ್ಡದು.

ನನ್ನ ಕೆಲಸ ಕಾರವಾರದಲ್ಲಿ. ಬೆಳಚು, ಅಂದರೆ ಅಳಿವೆಯ ಮರಳಲ್ಲಿ ಸಿಗುವ ಚಿಪ್ಪುಮೀನು — ಅದರ ಸುಕ್ಕಾ ಇಲ್ಲದಿದ್ದರೆ ನಮ್ಮ ಕಡೆ ರವಿವಾರ ಅನ್ನಿಸುವುದೇ ಇಲ್ಲ — ಆ ಬೆಳಚಿನ ಆರೋಗ್ಯ ನೋಡುವ ಪ್ರಯೋಗಾಲಯ ನಮ್ಮದು. ಅಂಗೈಯಷ್ಟು ಪ್ಲಾಸ್ಟಿಕ್ ತಟ್ಟೆ, ಅದರಲ್ಲಿ ಅಳಗುಳಿಮಣೆಯ ಹಾಗೆ ಗುಳಿಗಳು, ಒಟ್ಟು ತೊಂಬತ್ತಾರು. ಒಂದೊಂದು ಗುಳಿಗೂ ಒಂದೊಂದು ಬೆಳಚಿನ ರಕ್ತದ ಹನಿ ಹಾಕಿ, ಬಣ್ಣ ಬೆರೆಸಿ, ಬೆಚ್ಚಗಿನ ಪೆಟ್ಟಿಗೆಯಲ್ಲಿ ಕೆಲವು ತಾಸು ಇಡುತ್ತೇವೆ. ಆಮೇಲೆ ಯಂತ್ರ ಪ್ರತಿ ಗುಳಿಯ ಜೀವಕೋಶಗಳನ್ನು ಎಣಿಸಿ ಫೋಟೋ ತೆಗೆಯುತ್ತದೆ. ಆ ರಾಶಿ ಅಂಕಿಗಳನ್ನು ಚಿತ್ರವಾಗಿ ತೋರಿಸುವ ಸಾಫ್ಟ್‌ವೇರ್ ಬರೆದವಳು ನಾನು. ಅದಂತೂ ನನ್ನದೇ. ಪರದೆಯ ಮೇಲೆ ಅದೇ ತಟ್ಟೆ ಮೂಡುತ್ತದೆ. ಕೋಶಗಳು ಜೀವಂತ ಇರುವ ಗುಳಿ ಹಸಿರು, ಸತ್ತಿದ್ದರೆ ಕೆಂಪು. ಗುಳಿಯನ್ನು ಒತ್ತಿದರೆ ಒಳಗಿನ ಕೋಶಗಳೆಲ್ಲ ಮುತ್ತು ಚೆಲ್ಲಿದ ಹಾಗೆ ತೆರೆದುಕೊಳ್ಳುತ್ತವೆ. ಮೊದಲ ಸಲ ಅದು ಕಂಡ ದಿನ ನಾನು ಕುರ್ಚಿಯಿಂದ ಎದ್ದು ಕುಣಿದಿದ್ದೆ.

ಆ ಚಂದದ ಹುಚ್ಚೇ ಎಡವಟ್ಟು ಮಾಡಿತು. ನಾಲ್ಕು ಕಡೆಯ ಬೆಳಚು ಬಂದಿತ್ತು. ಪರದೆಯ ಮೇಲೆ ರಂಗೋಲಿಯಂತೆ ಕಾಣಲಿ ಎಂದು ನಾನು ಒಂದೊಂದು ಕಡೆಯದನ್ನು ಒಂದೊಂದು ಸುತ್ತಾಗಿ ತುಂಬಿದೆ. ಗಿರಿಜಕ್ಕ ತಂದದ್ದು ಪೂರ್ತಿ ಹೊರಸುತ್ತಿಗೆ. ಚಿತ್ರ ಬಂತು — ಒಳಗೆಲ್ಲ ಹಸಿರು, ಅಂಚು ಮಾತ್ರ ಕೆಂಪು.

ಮರುದಿನ ಅವಳು ಬುಟ್ಟಿ ಹೊತ್ತು ಅಂಕೋಲೆ ಬಸ್ಸಿನಲ್ಲಿ ಪ್ರಯೋಗಾಲಯಕ್ಕೆ ಬಂದಳು. ನಿನ್ನ ಬೆಳಚಿಗೆ ಹುಷಾರಿಲ್ಲ ಗಿರಿಜಕ್ಕ, ಅಂದೆ. ಅವಳ ಬುಟ್ಟಿಯ ಬೆಳಚಿಗೆ ಅಂಕೋಲೆ ಪೇಟೆಯಲ್ಲಿ ಹೆಸರಿತ್ತು. ಅವಳ ಮುಖ ಸಣ್ಣದಾಯಿತು. ತೋರಿಸು ಅಂದಳು. ಪರದೆಯ ಹತ್ತಿರ ಮೂಗು ಒಯ್ದು ನೋಡಿದಳು, ಆ ತಟ್ಟೆಯನ್ನು ಏನು ಮಾಡಿದ್ದೆ ಎಂದು ಕೇಳಿದಳು, ಬೆಚ್ಚಗಿನ ಪೆಟ್ಟಿಗೆಯ ಮಾತು ಕೇಳಿ ತಲೆಯಾಡಿಸಿದಳು.

“ನಾಕೂ ಬದಿಗೆ ಒಂದೇ ನಮ್ನಿ ಕೆಂಪು ಅದೆಯಲೇ ತಂಗಿ. ಬಿಸ್ಲಿಗೆ ಸಿಗಡಿ ಹರಡಿರೂ ಹಿಂಗೇ, ಅಂಚಿಂದು ಮೊದ್ಲು ಒಣಗೂದು, ನಡುವಿಂದು ಹಸಿ ಇರೂದು. ನಿನ್ನ ತಟ್ಟೇಲಿ ನೀರು ಆರಿರ್ಬೇಕು.”

ಇದು ಸಿಗಡಿ ಅಲ್ಲ ಗಿರಿಜಕ್ಕ, ಎಂದು ನಕ್ಕೆ. ಅವಳು ಬುಟ್ಟಿ ಎತ್ತಿಕೊಂಡು ಹೋದಳು.

ಆದರೆ ಮಾತು ತಲೆಯೊಳಗೇ ಉಳಿಯಿತು. ಅದೇ ಬೆಳಚನ್ನು ನಡುವೆ ಹಾಕಿ ನೋಡಿದೆ — ಹಸಿರು! ಉಳಿದವರದನ್ನು ಅಂಚಿಗೆ ಹಾಕಿದೆ — ಕೆಂಪು. ಅಂಚಿನ ಗುಳಿಗಳಲ್ಲಿ ನೀರು ಆರಿ, ಉಪ್ಪು ಏರಿ, ಕೋಶಗಳು ಸಾಯುತ್ತಿದ್ದವು. ಖುಷಿಯಲ್ಲಿ ಓಡಿಹೋಗಿ ಪ್ರಯೋಗಾಲಯದ ಮುಖ್ಯಸ್ಥರಾದ ಸರ್‌ಗೆ ತೋರಿಸಿದೆ. ಅವರು ಬೆರಗಾಗಿ, ನಿನಗೆ ಇದು ಹೇಗೆ ತಿಳಿಯಿತು ಎಂದು ಕೇಳಿದರು.

“ಹಾಗೇ ಹೊಳೀತು ಸರ್.”

ಅಷ್ಟೇ. ಮೂರು ಪದ. ಅಂಚಿನ ಗುಳಿಗಳನ್ನು ಗುರುತಿಸಿ ಎಚ್ಚರಿಸುವ ಬಟನ್ ಬರೆದೆ, ಸರ್ ಅದಕ್ಕೆ ನನ್ನ ಹೆಸರಿಟ್ಟರು, ನಾನು ಬೇಡ ಎನ್ನಲಿಲ್ಲ.

ನಿನ್ನ ಬೆಳಚು ಚೆನ್ನಾಗಿದೆ ಎಂದು ಗಿರಿಜಕ್ಕನಿಗೆ ಅಂದೇ ಹೇಳಬೇಕಿತ್ತು. ಹೇಳಿದರೆ ಅವಳು ಬಂದು ಸರ್ ಎದುರೇ, ನಾ ಹೇಳಿದ್ದೆ ಅಲ್ದಾ, ಅನ್ನುತ್ತಾಳೆ. ನಾಳೆ ಹೇಳೋಣ, ನಾಡಿದ್ದು ಹೇಳೋಣ… ಆಮೇಲೆ ನಾನು ಅಂಕೋಲೆ ಹತ್ತಿರದ ಶೆಟಗೇರಿಯ ನಮ್ಮ ಮನೆಯಿಂದ ಕೆಲಸಕ್ಕೆ ಹೊರಟರೆ ಅಂಕೋಲೆ ಬಸ್ ಸ್ಟ್ಯಾಂಡಿಗೆ ಹೋಗುವುದನ್ನೇ ಬಿಟ್ಟೆ. ಅಲ್ಲಿ ಅವಳು ಬುಟ್ಟಿ ಇಟ್ಟುಕೊಂಡು ಕೂತಿರುತ್ತಾಳಲ್ಲ. ಬಾಳೆಗುಳಿಯ ಹೆದ್ದಾರಿಯಲ್ಲಿ ಬಿಸಿಲಿಗೆ ನಿಂತು ಕಾರವಾರದ ಬಸ್ಸಿಗೆ ಕೈ ಮಾಡುತ್ತಿದ್ದೆ. ನಾಲ್ಕು ವರ್ಷ.

ಈ ಸಲ ಕಾಲೇಜಿನ ಮಕ್ಕಳು ಪ್ರಯೋಗಾಲಯ ನೋಡಲು ಬಂದಿದ್ದರು. ಬಟನ್ನಿನ ಕಥೆ ಹೇಳುತ್ತಾ ನಾನು ಧೈರ್ಯವಾಗಿ, ಸಿಗಡಿ ಒಣಗಿಸುವುದು ನೆನಪಾಯಿತು ಅಂದುಬಿಟ್ಟೆ. ನಮ್ಮದು ಗದ್ದೆ ಮಾಡುವ ಮನೆ. ಸಿಗಡಿಯನ್ನು ಸಾರಿನಲ್ಲಿ ಬಿಟ್ಟರೆ ಬೇರೆಲ್ಲೂ ಕಂಡವಳಲ್ಲ. ಕಡಲ ಬದಿಯ ಹುಡುಗಿಯೊಬ್ಬಳು ಎದ್ದು ನಿಂತು ಸಿಗಡಿ ಒಣಗಲು ಎಷ್ಟು ದಿನ ಬೇಕು ಮೇಡಂ ಎಂದಳು. ನಾನು ಮಾತು ತಿರುಗಿಸಿ ಅವರನ್ನೆಲ್ಲ ಯಂತ್ರದ ಹತ್ತಿರ ಕರೆದೊಯ್ದೆ. ಆ ರವಿವಾರವೇ ಗಿರಿಜಕ್ಕನನ್ನು ಹುಡುಕಿಕೊಂಡು ಹೋದೆ.

ಅವಳು ದಂಡೆಯಲ್ಲಿ ಬಲೆ ಹಾಸಿ ಸಿಗಡಿ ಹರಡುತ್ತಿದ್ದಳು. ನಾನು ನಿಂತಲ್ಲೇ ಎಲ್ಲ ಹೇಳಿದೆ — ಬಟನ್ನು, ಹೆಸರು, ಸರ್, ಬಾಳೆಗುಳಿ, ಎಲ್ಲ. ಹೆಸರಿನ ಮಾತು ಅವಳ ಕಿವಿಗೇ ಬೀಳಲಿಲ್ಲವೇನೋ. ಕೈ ನಿಲ್ಲಿಸಿ ಕೇಳಿದ್ದು ಒಂದೇ.

“ಹಂಗಾರೆ ನಮ್ಮ ಬೆಳಚು ಆವಾಗ್ಲೂ ಚಲೋ ಇತ್ತು?”

ಹೌದು ಅಂದೆ. ಅವಳ ಮುಖ ಅರಳಿದ್ದನ್ನು ಏನು ಹೇಳಲಿ! ಆಚೆ ಬಲೆ ಕೊಡವುತ್ತಿದ್ದ ನಾದಿನಿಯನ್ನು ಕೂಗಿ ಕರೆದು, ನಮ್ಮ ಬೆಳಚಿಗೆ ಎಂತದೂ ಆಗಿರಲಿಲ್ಲವಂತೆ ಎಂದು ಹೇಳಿ, ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ನನಗೂ ನಗು ಬಂತು. ನಗುತ್ತಲೇ ಅವಳು ಉಳಿದದ್ದನ್ನು ಹೇಳಿದಳು. ಆ ವರ್ಷ ತಿಂದವರಿಗೆ ಏನಾದರೂ ಆದೀತೆಂದು ಅವಳು ಅಳಿವೆಗೆ ಇಳಿಯಲೇ ಇಲ್ಲವಂತೆ. ಬೇರೆಯವರ ಮೀನು ಹೊತ್ತಳಂತೆ. ಮುಂದಿನ ವರ್ಷ ಮನಸ್ಸು ತಡೆಯದೆ ಒಂದು ಹಿಡಿ ತಂದು, ಮನೆಯವರಿಗೆ ಯಾರಿಗೂ ಕೊಡದೆ, ತಾನೊಬ್ಬಳೇ ಬೇಯಿಸಿ ತಿಂದು, ಎರಡು ದಿನ ಕಾದಳಂತೆ. ಸಾಯ್ಲಿಲ್ಲ ಕಾಣು, ಅಂದಳು, ಮತ್ತೆ ನಕ್ಕಳು. ನನ್ನ ನಗು ನಿಂತುಹೋಯಿತು.

ನನ್ನನ್ನು ಹಾಗೇ ಕಳಿಸಲಿಲ್ಲ ಅವಳು. ಸೀರೆ ಎತ್ತಿ ಕಟ್ಟಿಸಿ, ಮಧ್ಯಾಹ್ನದವರೆಗೂ ಸಿಗಡಿ ತಿರುವಿಸಿದಳು. ಬರುವಾಗ ಚೀಲ ತುಂಬ ಬೆಳಚು ಹಾಕಿದಳು. ಸರ್‌ಗೆ ಮರುದಿನ ಎಲ್ಲ ಹೇಳಿದೆ. ಬಟನ್ನಿನ ಮೇಲೆ ಈಗ ‘ಗಿರಿಜಕ್ಕನ ಅಂಚು’ ಎಂದಿದೆ. ಅದರಿಂದ ಆ ಒಂದು ವರ್ಷ ಅವಳಿಗೆ ವಾಪಸ್ ಬರುವುದಿಲ್ಲ. ಅವಳು ನಕ್ಕಳು ಎಂಬುದು ನನ್ನ ಲೆಕ್ಕಕ್ಕೆ ಜಮಾ ಆಗುವುದೂ ಇಲ್ಲ.

ಅಂಕೋಲೆ ಬಸ್ ಸ್ಟ್ಯಾಂಡಿನಿಂದಲೇ ಹೋಗುತ್ತೇನೆ ಈಗ. ತಟ್ಟೆಯ ಚಿತ್ರ ಬಂದ ಕೂಡಲೇ ಸರ್‌ಗಿಂತ ಮೊದಲು ಗಿರಿಜಕ್ಕನಿಗೆ ಫೋನ್ ಮಾಡುತ್ತೇನೆ, ಹಸಿರಿರಲಿ ಕೆಂಪಿರಲಿ, ಅದೇ ದಿನ. ಪ್ರತಿ ಸಲವೂ ಅವಳು ಒಂದೇ ಕೇಳುತ್ತಾಳೆ.

“ಅಂಚು ನೋಡಿದ್ಯೇನೇ ತಂಗಿ?”

ನೋಡಿದೆ ಗಿರಿಜಕ್ಕ, ಅನ್ನುತ್ತೇನೆ.